ಬಾಕಿ ಉಳಿಸ್ಕೊಂಡ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತಾ? ಕ್ಲೇಮಿಗೆ ಯಾವ್ಯಾವ ಕಾಗದ ಜೋಡಿಸ್ಬೇಕು ಅಂತ ನೋಡಿ

ಕಂಪನಿ ಕೈ ಎತ್ತಿತು ಅಂತ ಸುದ್ದಿ ಬಂದ ಕೂಡ್ಲೆ ದುಡ್ಡು ಬರಬೇಕಾದೋರೆಲ್ಲ ಮಾಡೋದು ಒಂದೇ ಕೆಲಸ, ಅಲ್ಲಿನ ಅಕೌಂಟ್ಸ್ ಮ್ಯಾನೇಜರಿಗೆ ಫೋನ್ ಮಾಡೋದು, ಅವ್ರು ಎತ್ತಲ್ಲ, ಆಮೇಲೆ ಪರ್ಚೇಸ್‌ನವ್ರಿಗೆ, ಅವ್ರೂ ಎತ್ತಲ್ಲ, ಕೊನೆಗೆ ಗೇಟ್ ಹತ್ರ ಹೋಗಿ ನಿಂತು ಗಲಾಟೆ. ಇದ್ರಿಂದ ಒಂದು ಪೈಸೆ ಹುಟ್ಟಲ್ಲ. ಎನ್‌ಸಿಎಲ್‌ಟಿ (ಕಂಪನಿ ಕೇಸುಗಳನ್ನ ನೋಡೋ ಟ್ರಿಬ್ಯುನಲ್) ಕೇಸನ್ನ ಅಡ್ಮಿಟ್ ಮಾಡಿ ಐಆರ್‌ಪಿ ನೇಮಕ ಮಾಡಿದ ದಿನದಿಂದ ಡೈರೆಕ್ಟರುಗಳ ಅಧಿಕಾರ ಸಸ್ಪೆಂಡ್ ಆಗಿರತ್ತೆ, ಕಂಪನಿ ನಡ್ಸೋದು ಆ ಐಆರ್‌ಪಿ, ಅಂದ್ರೆ ಇಂಟೆರಿಮ್ ರೆಸಲ್ಯೂಶನ್ ಪ್ರೊಫೆಷನಲ್. ಆ ಮನುಷ್ಯ ನಿಮ್ಮನ್ನ ಹುಟ್ಟಿದಾಗಿಂದ ನೋಡಿರಲ್ಲ. ನೀವು ಹತ್ತು ವರ್ಷದಿಂದ ಮಾಲು ಹಾಕ್ತಿದೀರಾ, ಓನರ್ ನಿಮ್ಮನ್ನ ಮನೆ ಮದುವೆಗೆ ಕರೆದಿದ್ರು, ಇದ್ಯಾವ್ದೂ ಅವ್ರಿಗೆ ಗೊತ್ತಿಲ್ಲ, ಗೊತ್ತಾದ್ರೂ ಉಪಯೋಗ ಇಲ್ಲ.

ನಾನು ಕೆಲವು ವರ್ಷ ಇಂಥ ಪ್ರೊಫೆಷನಲ್ ಒಬ್ರ ಆಫೀಸಲ್ಲಿ ಕೂತು ಬಂದ ಕ್ಲೇಮುಗಳನ್ನ ಬಿಚ್ಚಿ ನೋಡೋ ಕೆಲಸ ಮಾಡಿದೀನಿ. ಎರಡು ಪುಟ ಕಣ್ಣೀರಿನ ಪತ್ರ, ಹಿಂದೆ ಒಂದೂ ಬಿಲ್ಲಿಲ್ಲ. ಇಲ್ಲಾಂದ್ರೆ ಉಲ್ಟಾ, ಮುನ್ನೂರು ಬಿಲ್ಲು ರಬ್ಬರ್ ಬ್ಯಾಂಡ್ ಹಾಕಿ ಕಳ್ಸಿರ್ತಾರೆ, ಒಟ್ಟು ಎಷ್ಟು ಬರಬೇಕು ಅಂತ ಎಲ್ಲೂ ಬರ್ದಿರಲ್ಲ. ಎರಡೂ ಕೆಲಸಕ್ಕೆ ಬರಲ್ಲ. ಆರ್‌ಪಿ, ಅಂದ್ರೆ ಆಮೇಲೆ ಐಆರ್‌ಪಿ ಜಾಗದಲ್ಲಿ ಕೂರೋ ರೆಸಲ್ಯೂಶನ್ ಪ್ರೊಫೆಷನಲ್ (ಅವ್ರೇ ಮುಂದುವರಿದ್ರೂ ಸರಿ), ಜಡ್ಜ್ ಅಲ್ಲ, ಸ್ವಿಸ್ ರಿಬ್ಬನ್ಸ್ ಕೇಸಲ್ಲಿ 2019ರಲ್ಲೇ ಸುಪ್ರೀಂ ಕೋರ್ಟು ಇದನ್ನ ಸ್ಪಷ್ಟ ಮಾಡಿದೆ, ಅವ್ರಿಗಿರೋದು ಆಡಳಿತದ ಅಧಿಕಾರ ಅಷ್ಟೆ. ಯಾರದ್ದು ನ್ಯಾಯ ಅಂತ ತೂಗೋ ಕೆಲಸ ಅವ್ರದ್ದಲ್ಲ, ಕಾಗದ ನೋಡಿ ತಾಳೆ ಹಾಕೋದು. ಹಾಗಾಗಿ ನಿಮ್ಮ ಫೈಲು ಒಬ್ಬ ಅಪರಿಚಿತನ ಕೈಗೆ ಹೋದ್ರೆ ಅವ್ನು ನಿಮಗೆ ಫೋನ್ ಮಾಡ್ದೇನೇ ಆರ್ಡರಿಂದ ಬಾಕಿವರೆಗೂ ಓದ್ಕೊಂಡು ಹೋಗೋ ಹಾಗಿರ್ಬೇಕು.

ಇಲ್ಲಿ ಹೇಳ್ತಿರೋದೆಲ್ಲ ಭಾರತದ ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಸಿ ಕೋಡ್ 2016, ಮತ್ತೆ ಅದರಡಿ ಐಬಿಬಿಐ (ದಿವಾಳಿ ವ್ಯವಹಾರ ನೋಡ್ಕೊಳ್ಳೋ ಸರ್ಕಾರಿ ಮಂಡಳಿ) ಮಾಡಿರೋ ಸಿಐಆರ್‌ಪಿ, ಅಂದ್ರೆ ಕಂಪನಿ ದಿವಾಳಿ ಪ್ರಕ್ರಿಯೆಯ ರೆಗ್ಯುಲೇಶನ್ಸ್ ಬಗ್ಗೆ. ಇವು ಆಗಾಗ ತಿದ್ದುಪಡಿ ಆಗ್ತಾನೇ ಇರತ್ತೆ, ಅದಕ್ಕೆ ಫಾರಂನ ಯಾವತ್ತೂ ಹಳೇ ಪೆನ್‌ಡ್ರೈವಿಂದ ತೆಗೀಬೇಡಿ, ಐಬಿಬಿಐ ವೆಬ್‌ಸೈಟಿಂದ ಅವತ್ತಿನದ್ದೇ ಇಳಿಸ್ಕೊಳ್ಳಿ.

ಮೊದಲು ಎರಡು ತಾರೀಖು ಬರ್ಕೊಳ್ಳಿ

ಐಆರ್‌ಪಿ ನೇಮಕ ಆದ ಮೂರು ದಿನದೊಳಗೆ ಫಾರಂ ಎ ಅನ್ನೋ ಸಾರ್ವಜನಿಕ ಪ್ರಕಟಣೆ ಬರ್ಬೇಕು. ಒಂದು ಇಂಗ್ಲಿಷ್ ಪೇಪರು, ಒಂದು ಪ್ರಾದೇಶಿಕ ಭಾಷೆ ಪೇಪರು, ಜೊತೆಗೆ ಐಬಿಬಿಐ ವೆಬ್‌ಸೈಟು. ಪೇಪರಲ್ಲಿ ಅದು ಟೆಂಡರ್ ಜಾಹೀರಾತುಗಳ ಮಧ್ಯೆ ಎಲ್ಲೋ ಮೂಲೇಲಿ ಇರತ್ತೆ, ಕಣ್ಣಿಗೆ ಬೀಳೋದೇ ಅಪರೂಪ, ಆದ್ರಿಂದ ಕಂಪನಿ ಬಗ್ಗೆ ಅನುಮಾನ ಬಂದ ಮೇಲೆ ವಾರಕ್ಕೊಂದ್ಸಲ ಐಬಿಬಿಐ ಸೈಟಲ್ಲಿ ಪಬ್ಲಿಕ್ ಅನೌನ್ಸ್‌ಮೆಂಟ್ ವಿಭಾಗದಲ್ಲಿ ಹೆಸರು ಹುಡುಕೋ ಅಭ್ಯಾಸ ಇಟ್ಕೊಳ್ಳಿ.

ಅದರಲ್ಲಿ ನಿಮಗೆ ಬೇಕಾಗಿರೋದು ಎರಡು ತಾರೀಖು. ಒಂದು, ಇನ್‌ಸಾಲ್ವೆನ್ಸಿ ಶುರುವಾದ ದಿನ. ನಿಮ್ಮ ಲೆಕ್ಕ ಎಲ್ಲಾ ಅವತ್ತಿಗೆ ನಿಲ್ಲತ್ತೆ, ಅಸಲಾಗ್ಲಿ ಬಡ್ಡಿಯಾಗ್ಲಿ. ಕ್ಲೇಮು ಕಳಿಸೋ ದಿನದವರೆಗೂ ಬಡ್ಡಿ ಹಾಕಿ ಕಳಿಸೋರು ತುಂಬಾ ಜನ, ಅದನ್ನ ಅಲ್ಲೇ ಕತ್ತರಿಸ್ತಾರೆ. ಎರಡನೇದು, ಕ್ಲೇಮು ಕೊಡೋಕೆ ಕೊನೇ ದಿನ, ಇದು ಐಆರ್‌ಪಿ ನೇಮಕ ಆಗಿ 14 ದಿನಕ್ಕೆ ಬರತ್ತೆ. ಪೇಪರಲ್ಲಿ ಬರೋ ಹೊತ್ತಿಗೇ ಅದರಲ್ಲಿ ಎರಡು ಮೂರು ದಿನ ಕಳೆದುಹೋಗಿರತ್ತೆ ಅನ್ನೋದು ನೆನಪಿರ್ಲಿ.

ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಹೇಳ್ಬಿಡ್ತೀನಿ. "ನಂದು ಬರೀ ಆರು ಲಕ್ಷ ಸಾರ್, ಒಂದು ಕೋಟಿ ಇದ್ರೆ ತಾನೆ ಕ್ಲೇಮು ಹಾಕೋದು" ಅಂತಾರೆ. ಒಂದು ಕೋಟಿ ಮಿತಿ ಇರೋದು ಕಂಪನಿ ಮೇಲೆ ಕೇಸು ಶುರು ಮಾಡೋಕೆ, 2020ರ ಮಾರ್ಚ್ 24ರಿಂದ ಒಂದು ಲಕ್ಷ ಇದ್ದಿದ್ದನ್ನ ಒಂದು ಕೋಟಿ ಮಾಡಿದ್ರು. ಬೇರೆ ಯಾರೋ ಕೇಸು ಹಾಕಿ ಪ್ರಕ್ರಿಯೆ ಶುರುವಾದ ಮೇಲೆ ಕ್ಲೇಮು ಕೊಡೋಕೆ ಅಂಥ ಮಿತಿ ಏನೂ ಇಲ್ಲ, ಹತ್ತು ಸಾವಿರ ಬರಬೇಕಾದ್ರೂ ಕೊಡಬಹುದು. ಹಾಗೇನೇ ಕೇಸು ಹಾಕಿದ್ದೇ ನೀವಾಗಿದ್ರೂ ಕ್ಲೇಮು ಬೇರೆ ಕೊಡಲೇಬೇಕು. ಅರ್ಜಿನೇ ಕ್ಲೇಮು ಅಂದ್ಕೊಂಡು ಕೂತವ್ರನ್ನ ನೋಡಿದೀನಿ.

ನಿಮ್ಮದು ಯಾವ ಫಾರಂ

ಮಾಲು ಕೊಟ್ಟೋರು, ಸರ್ವೀಸ್ ಕೊಟ್ಟೋರು ಅಂದ್ರೆ ಆಪರೇಷನಲ್ ಕ್ರೆಡಿಟರ್, ಫಾರಂ ಬಿ. ಬ್ಯಾಂಕು, ಫೈನಾನ್ಸ್ ಕಂಪನಿ, ಬಡ್ಡಿಗೆ ಸಾಲ ಕೊಟ್ಟೋರು ಫಾರಂ ಸಿ. ಫ್ಲ್ಯಾಟ್ ಬುಕ್ ಮಾಡಿದವ್ರ ಥರ ಒಂದೇ ಗುಂಪಿಗೆ ಸೇರಿದ ಫೈನಾನ್ಶಿಯಲ್ ಕ್ರೆಡಿಟರ್‌ಗಳು ಫಾರಂ ಸಿಎ. ಕೆಲಸಗಾರರು, ಸಿಬ್ಬಂದಿ ಫಾರಂ ಡಿ, ಕೆಲಸಗಾರರೆಲ್ಲ ಸೇರಿ ಒಬ್ಬ ಪ್ರತಿನಿಧಿ ಮೂಲಕ ಕೊಡೋದಾದ್ರೆ ಫಾರಂ ಇ. ಇದ್ಯಾವುದಕ್ಕೂ ಸೇರದೋರಿಗೆ ಫಾರಂ ಎಫ್. ಸಿ ಮತ್ತೆ ಸಿಎ ಎಲೆಕ್ಟ್ರಾನಿಕ್ ಆಗೇ ಕೊಡ್ಬೇಕು, ಬಿ ಮತ್ತೆ ಡಿ ಕೈಗೆ, ಪೋಸ್ಟಲ್ಲಿ ಅಥವಾ ಈಮೇಲಲ್ಲಿ ಕೊಡಬಹುದು.

ಫಾರಂ ತಪ್ಪಿದ್ರೆ ಪ್ರಪಂಚ ಮುಳುಗಲ್ಲ. ಗ್ರೇಟರ್ ನೋಯ್ಡಾ ಪ್ರಾಧಿಕಾರದ ಕೇಸಲ್ಲಿ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ದಾಖಲೆ ಸಮೇತ ಬಂದ ಕ್ಲೇಮನ್ನ ಫಾರಂ ಬೇರೆ ಅನ್ನೋ ಒಂದೇ ಕಾರಣಕ್ಕೆ ಕಡೆಗಣಿಸೋ ಹಾಗಿಲ್ಲ ಅನ್ನೋ ನಿಲುವು ತಗೊಂಡಿದೆ. ಆದ್ರೂ ಸರಿಯಾದ್ದು ಹಾಕಿ, ಸುಪ್ರೀಂ ಕೋರ್ಟಿನವರೆಗೂ ಹೋಗೋ ಸೌಭಾಗ್ಯ ಎಲ್ರಿಗೂ ಯಾಕೆ ಬೇಕು.

ಮಾಲು ಅಥವಾ ಸರ್ವೀಸ್ ಕೊಟ್ಟೋರು: ಇಲ್ಲೇ ಹೆಚ್ಚು ಎಡವೋದು

ರೆಗ್ಯುಲೇಶನ್ 7 ಪ್ರಕಾರ ಬಾಕಿ ಇದೆ ಅನ್ನೋದಕ್ಕೆ ಸಾಕ್ಷಿ ಇನ್ಫರ್ಮೇಶನ್ ಯುಟಿಲಿಟಿ ದಾಖಲೆ ಆಗ್ಬಹುದು, ಅದಿಲ್ಲ ಅಂದ್ರೆ ಬೇರೆ ಕಾಗದಗಳು: ಸರಬರಾಜು ಕಾಂಟ್ರ್ಯಾಕ್ಟು, ಬಿಲ್ಲು, ಕೋರ್ಟು ಆದೇಶ, ಲೆಕ್ಕಪತ್ರ, ಮತ್ತೆ 2022ರ ಜೂನ್ ತಿದ್ದುಪಡಿ ಆದ್ಮೇಲೆ ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ರಿಟರ್ನ್‌ಗಳ ಪ್ರತಿ, ಅನ್ವಯಿಸೋ ಕಡೆ ಇ-ವೇ ಬಿಲ್ಲು. ಜಿಎಸ್‌ಟಿ ರಿಜಿಸ್ಟ್ರೇಷನ್ನೇ ಬೇಕಿಲ್ಲದ ಸಣ್ಣೋರಿಗೆ ಈ ಜಿಎಸ್‌ಟಿ ಕಾಗದಗಳ ಮಾತು ಅನ್ವಯಿಸಲ್ಲ. ಇನ್ಫರ್ಮೇಶನ್ ಯುಟಿಲಿಟಿ ಅಂದ್ರೆ ಸಾಲದ ದಾಖಲೆ ಇಟ್ಕೊಳ್ಳೋ ಸಂಸ್ಥೆ, 2017ರಲ್ಲಿ ಮೊದಲು ರಿಜಿಸ್ಟ್ರೇಷನ್ ಸಿಕ್ಕಿದ್ದು ಎನ್‌ಇಎಸ್‌ಎಲ್‌ಗೆ, ಬ್ಯಾಂಕಿನವ್ರು ಅಲ್ಲಿ ಎಲ್ಲಾ ಹಾಕಿರ್ತಾರೆ, ಸಣ್ಣ ಸಪ್ಲೈಯರ್‌ಗಳು ಹಾಕೋದು ಕಮ್ಮಿ. ಹಾಗಾಗಿ ನಮ್ಮ ನಿಮ್ಮಂಥೋರಿಗೆ ಬಿಲ್ಲು ಚಲನ್ನೇ ಗತಿ.

ಬಿಲ್ಲೊಂದಿದ್ರೆ ಸಾಕು ಅಂದ್ಕೋಬೇಡಿ. ಬಿಲ್ಲು ನೀವೇ ಮಾಡಿದ್ದು ತಾನೆ? ನಿಮ್ಮ ಕಂಪ್ಯೂಟರಲ್ಲಿ ಕೂತು ಎಷ್ಟು ಬಿಲ್ಲು ಬೇಕಾದ್ರೂ ಪ್ರಿಂಟ್ ಹಾಕಬಹುದು. ಅದಕ್ಕೆ ಒಂದೊಂದು ಬಿಲ್ಲಿಗೂ ಕಂಪನಿ ಕಡೆಯಿಂದ ಬಂದ ಒಂದಾದ್ರೂ ಕಾಗದ ಜೊತೆಗಿರ್ಬೇಕು ಅನ್ನೋ ನಿಯಮ ಇಟ್ಕೊಳ್ಳಿ. ಇದು ಕಾನೂನಲ್ಲಿ ಬರ್ದಿರೋ ಮಾತಲ್ಲ, ಕ್ಲೇಮು ನೋಡಿ ನೋಡಿ ನಾನು ಕಂಡ್ಕೊಂಡಿದ್ದು. ಬಿಲ್ಲಿಗೆ ಮುಂಚೆ ಪಿಓ, ಅಂದ್ರೆ ಅವ್ರು ಕಳ್ಸಿದ ಪರ್ಚೇಸ್ ಆರ್ಡರು. ಮಾಲು ಹೋಗಿದ್ದಕ್ಕೆ ಡೆಲಿವರಿ ಚಲನ್, ಅದರ ಮೇಲೆ ಅವ್ರ ಸ್ಟೋರ್ಸಿನ ಸೀಲು ಸಹಿ, ಲಾರಿ ರಸೀದಿ, ಸಿಕ್ಕಿದ್ರೆ ಅವ್ರ ಜಿಆರ್‌ಎನ್ (ಮಾಲು ಬಂತು ಅಂತ ಅವ್ರು ಬರೆಯೋ ಚೀಟಿ). ಸರ್ವೀಸ್ ಆದ್ರೆ ಮಾಲಿಲ್ಲ, ಚಲನ್ ಇಲ್ಲ, ಆಗ ಹಾಜರಾತಿ ಶೀಟು, ಕೆಲಸ ಮುಗೀತು ಅಂತ ಅವ್ರ ಎಂಜಿನಿಯರ್ ಹಾಕಿದ ಸಹಿ, ಕಡೇಪಕ್ಷ "ಬಿಲ್ ರಿಸೀವ್ಡ್, ವಿಲ್ ಪ್ರಾಸೆಸ್" ಅನ್ನೋ ಒಂದು ಈಮೇಲ್. ಆ ಒಂದು ಸಾಲಿನ ಈಮೇಲಿಗೆ ಎಷ್ಟು ತೂಕ ಇದೆ ಅಂತ ಅದನ್ನ ಡಿಲೀಟ್ ಮಾಡೋವಾಗ ಯಾರಿಗೂ ಗೊತ್ತಿರಲ್ಲ.

ಸೀಲು ಸಹಿ ಇರೋ ಚಲನ್ ಕಳೆದುಹೋಗಿದ್ರೆ? ಆಗ ಸುತ್ತು ದಾರಿ. ನಿಮ್ಮ ಜಿಎಸ್‌ಟಿಆರ್-1ರಲ್ಲಿ ಅವ್ರ ಜಿಎಸ್‌ಟಿ ನಂಬರಿಗೆ ಆ ಬಿಲ್ಲು ತೋರ್ಸಿರ್ತೀರಾ, ಅವ್ರು ಅದರ ಮೇಲೆ ಇನ್‌ಪುಟ್ ಕ್ರೆಡಿಟ್ ತಗೊಂಡಿರೋ ಸಾಧ್ಯತೆ ಜಾಸ್ತಿ, ಆರ್‌ಪಿ ಹತ್ರ ಕಂಪನಿ ರಿಟರ್ನ್ ಇರತ್ತೆ, ಇದನ್ನ ನೋಡಿ ಅಂತ ಕವರಿಂಗ್ ಲೆಟರಲ್ಲಿ ಬರೀರಿ. ಮತ್ತೊಂದು ಅಸ್ತ್ರ ನಿಮ್ಮ 26ಎಎಸ್, ಅಂದ್ರೆ ನಿಮ್ಮ ಹೆಸರಲ್ಲಿ ಕಟ್ಟಿರೋ ಆದಾಯ ತೆರಿಗೆಯ ಪಟ್ಟಿ. ಕಂಪನಿ ನಿಮ್ಮ ಹೆಸರಲ್ಲಿ ಟಿಡಿಎಸ್ ಕಟ್ಟಿದ್ರೆ ಆ ಬಿಲ್ಲನ್ನ ಅವ್ರು ತಮ್ಮ ಪುಸ್ತಕಕ್ಕೆ ಹತ್ತಿಸ್ಕೊಂಡಿದಾರೆ ಅಂತ ಅರ್ಥ. ಇದೊಂದೇ ಪೂರ್ತಿ ಪುರಾವೆ ಆಗಲ್ಲ, ಆದ್ರೆ ಬಿಲ್ಲಿನ ಪಕ್ಕ ಇಟ್ರೆ ಚೆನ್ನಾಗಿ ಕೆಲಸ ಮಾಡತ್ತೆ. ಬೌನ್ಸ್ ಆದ ಚೆಕ್ಕಿದ್ರೆ ಬ್ಯಾಂಕಿನ ರಿಟರ್ನ್ ಮೆಮೋ ಸಮೇತ ಹಾಕಿ. ವಾಟ್ಸಾಪ್ ಮೆಸೇಜು ಹಾಕ್ಬಹುದಾ ಅಂತ ಎಲ್ರೂ ಕೇಳ್ತಾರೆ. ಹಾಕಿ, ಆದ್ರೆ ಯಾರ ನಂಬರು, ಅವ್ರ ಹುದ್ದೆ ಏನು, ತಾರೀಖು ಎಷ್ಟು ಅನ್ನೋದು ಕಾಣೋ ಹಾಗೆ ಸ್ಕ್ರೀನ್‌ಶಾಟ್ ಇರ್ಲಿ, ಫೋನನ್ನ ಫಾರ್ಮ್ಯಾಟ್ ಮಾಡ್ಬೇಡಿ, ಮುಂದೆ ವಿಷ್ಯ ಟ್ರಿಬ್ಯುನಲ್‌ಗೆ ಹೋದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಕೇಳೋ ಸಂದರ್ಭ ಬರ್ಬಹುದು.

ಈಗ ಲೆಕ್ಕದ ಹಾಳೆ. ನನ್ನ ಪ್ರಕಾರ ಇಡೀ ಫೈಲಲ್ಲಿ ಮುಖ್ಯವಾದ್ದು ಇದೇ, ಯಾಕಂದ್ರೆ ಇದಿದ್ರೆ ಆರ್‌ಪಿ ಹುಡುಗರು ಅದನ್ನೇ ಹಿಡ್ಕೊಂಡು ಕಂಪನಿ ಲೆಡ್ಜರ್ ಜೊತೆ ಟಿಕ್ ಹಾಕ್ತಾ ಹೋಗ್ತಾರೆ. ಒಂದು ಉದಾಹರಣೆ ನೋಡಿ, ನೀವು ಒಬ್ರೇ ಓನರ್ ಆಗಿರೋ ಮೆಂಟೆನೆನ್ಸ್ ಕಾಂಟ್ರ್ಯಾಕ್ಟರ್ ಅಂದ್ಕೊಳ್ಳಿ. ಮೂರು ಬಿಲ್ಲು, 4,00,000, 2,50,000, 3,00,000, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 11,21,000 ರೂಪಾಯಿ. ಹೆಚ್ಚಿನವ್ರು ಇಷ್ಟನ್ನೇ ಕ್ಲೇಮಲ್ಲಿ ಬರ್ದುಬಿಡ್ತಾರೆ. ಆದ್ರೆ ಕಂಪನಿ ಶೇ. 1 ಟಿಡಿಎಸ್ ಹಿಡಿದು 9,500 ಕಟ್ಟಿದೆ, ಅದು ನಿಮ್ಮ ತೆರಿಗೆ ಖಾತೆಗೆ ಬಂದಾಯ್ತು, ಅದನ್ನ ಕಳೀಬೇಕು. ಮಧ್ಯದಲ್ಲಿ 3,00,000 ಪಾವತಿ ಬಂದಿದೆ, ಕಳೀಬೇಕು. ಕೆಲಸ ಸರಿ ಇಲ್ಲ ಅಂತ 11,500ಕ್ಕೆ ಡೆಬಿಟ್ ನೋಟ್ ಕೊಟ್ಟಿದ್ರು, ನೀವು ಒಪ್ಪಿದ್ರಿ, ಅದನ್ನೂ ಕಳೀಬೇಕು. ಉಳಿಯೋದು 8,00,000. ಹನ್ನೊಂದು ಲಕ್ಷ ಅಂತ ಹಾಕಿದೋರ ಕ್ಲೇಮು ಎಂಟು ಲಕ್ಷಕ್ಕೆ ಒಪ್ಪಿಗೆ ಆಗ್ಬಹುದು, ಅದಕ್ಕಿಂತ ಕೆಟ್ಟದ್ದು ಅಂದ್ರೆ ಅನುಮಾನ ಬಂದು ಮಿಕ್ಕ ಎಂಟು ಲಕ್ಷಕ್ಕೂ ಹತ್ತು ಪ್ರಶ್ನೆ ಬರೋದು. ಇನ್ನೊಂದು ವಿಷ್ಯ, ಆ ಜಿಎಸ್‌ಟಿ ನೀವು ಸರ್ಕಾರಕ್ಕೆ ಕಟ್ಟಿಯಾಗಿದೆ, ಗಿರಾಕಿ ದುಡ್ಡು ಕೊಡ್ಲಿಲ್ಲ ಅಂತ ವಾಪಸ್ ಬರಲ್ಲ, ಆದ್ರಿಂದ ಜಿಎಸ್‌ಟಿ ಭಾಗವನ್ನ ಕ್ಲೇಮಿಂದ ಬಿಟ್ಟುಬಿಡ್ಬೇಡಿ, ಅದೂ ನಿಮ್ಮ ಬಾಕಿನೇ.

ಆ ಹಾಳೇಲಿ ಕಾಲಂ ಹೀಗಿರ್ಲಿ: ಪಿಓ ನಂಬರು, ಬಿಲ್ಲು ನಂಬರು ತಾರೀಖು, ಮೊತ್ತ, ಚಲನ್ ನಂಬರು, ದುಡ್ಡು ಕೊಡ್ಬೇಕಿದ್ದ ದಿನ, ಬಂದಿದ್ದು, ಕಡಿತ, ಬಾಕಿ, ಮತ್ತೆ ಈ ದಾಖಲೆ ಪಿಡಿಎಫ್‌ನ ಎಷ್ಟನೇ ಪುಟದಲ್ಲಿದೆ. ಪುಟದ ಕಾಲಂ ಯಾರೂ ಹಾಕಲ್ಲ. ಹಾಕಿದ ಒಬ್ಬ ಸ್ಕ್ರೂ ಬೋಲ್ಟ್ ಸಪ್ಲೈಯರ್ ಕ್ಲೇಮನ್ನ ನಾವು ಅರ್ಧ ಗಂಟೇಲಿ ಮುಗಿಸಿದ್ವಿ, ಅವತ್ತು ಟೀ ಜೊತೆ ಅವ್ರನ್ನೇ ಹೊಗಳ್ತಾ ಕೂತಿದ್ವಿ.

ಬಡ್ಡಿ ಕೇಳೋದಾದ್ರೆ ಆಧಾರ ಬೇಕು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಶೇ. 24 ಅಂತ ನೀವೇ ಪ್ರಿಂಟ್ ಮಾಡ್ಕೊಂಡಿದ್ದು ಜಗಳಕ್ಕೆ ದಾರಿ, ಅಗ್ರಿಮೆಂಟಲ್ಲೋ ಪಿಓದಲ್ಲೋ ಎರಡೂ ಕಡೆಯವ್ರು ಒಪ್ಪಿದ ಸಾಲಿದ್ರೆ ಬಲ. ಸಣ್ಣ ಕೈಗಾರಿಕೆಯೋರಿಗೆ 2006ರ ಎಂಎಸ್‌ಎಂಇ ಕಾಯ್ದೆ ಸೆಕ್ಷನ್ 16 ಇದೆ, ತಡವಾದ ಪಾವತಿಗೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ, ಆದ್ರೆ ಮಾಲು ಕೊಡೋ ಮುಂಚೆನೇ ರಿಜಿಸ್ಟ್ರೇಷನ್ ಆಗಿರ್ಬೇಕು, ಉದ್ಯಮ್ ಸರ್ಟಿಫಿಕೇಟ್ ಹಾಕಿ. ಬರೀ ಕೊಂಡು ಮಾರೋ ವ್ಯಾಪಾರಿಗಳಿಗೆ ಈ ಸೌಲಭ್ಯ ಇಲ್ಲ. ಫಾರಂಲ್ಲಿ ಅಸಲು ಬೇರೆ, ಬಡ್ಡಿ ಬೇರೆ ಬರೀರಿ, ಒಟ್ಟಿಗೆ ಕಲಸಿದ್ರೆ ಬಡ್ಡಿ ತಕರಾರಲ್ಲಿ ಅಸಲೂ ನಿಂತ್ಕೊಳತ್ತೆ.

ಹಳೇ ಬಾಕಿ ಮತ್ತೆ ಮೂರು ವರ್ಷದ ಗಂಟೆ

ಲಿಮಿಟೇಶನ್ ಕಾಯ್ದೆ ಇಲ್ಲೂ ಅನ್ವಯಿಸತ್ತೆ, ಕೋಡಿನ ಸೆಕ್ಷನ್ 238ಎ ಹೇಳೋದು ಇದನ್ನೇ. ದುಡ್ಡು ಕೊಡ್ಬೇಕಿದ್ದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ. ಅದು ದಾಟಿರೋ ಬಿಲ್ಲಿದ್ರೆ ಮಧ್ಯೆ ಕಂಪನಿಯವ್ರು "ಹೌದಪ್ಪಾ ಕೊಡ್ಬೇಕು" ಅಂತ ಬರವಣಿಗೇಲಿ ಒಪ್ಪಿದ್ದು ಬೇಕು, ಅದೂ ಮೂರು ವರ್ಷ ಮುಗಿಯೋ ಮುಂಚೆ, ಸಹಿ ಸಮೇತ. ವರ್ಷಾ ವರ್ಷಾ ಮಾರ್ಚ್ 31ಕ್ಕೆ ಕಳಿಸೋ ಬ್ಯಾಲೆನ್ಸ್ ಕನ್ಫರ್ಮೇಶನ್ ಲೆಟರ್ ಇದಕ್ಕೇ ಇರೋದು, ನಾವು ಅದನ್ನ ಆಡಿಟರ್ ಕಾಟ ಅಂತ ಅಂದ್ಕೊಂಡಿರ್ತೀವಿ. ಮಧ್ಯದಲ್ಲಿ ಅಷ್ಟೋ ಇಷ್ಟೋ ಪಾವತಿ ಬಂದಿದ್ರೂ ಗಡಿಯಾರ ಮತ್ತೆ ಶುರುವಾಗೋ ಸಾಧ್ಯತೆ ಇದೆ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಆ ಸಾಲನ್ನ ಹೈಲೈಟ್ ಮಾಡಿ ಹಾಕಿ.

ಏನೂ ಇಲ್ಲಾಂದ್ರೆ ಕಂಪನಿಯ ಬ್ಯಾಲೆನ್ಸ್ ಶೀಟು. ಬಿಶಾಲ್ ಜೈಸ್ವಾಲ್ ಕೇಸಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬ್ಯಾಲೆನ್ಸ್ ಶೀಟಲ್ಲಿರೋ ನಮೂದು ಕೂಡ ಸಾಲ ಒಪ್ಕೊಂಡ ಹಾಗೆ ಆಗ್ಬಹುದು ಅಂತ ಹೇಳಿದೆ, ಜೊತೆಗಿರೋ ಟಿಪ್ಪಣಿಗಳನ್ನೂ ಓದಿ ತೀರ್ಮಾನ ಮಾಡ್ಬೇಕು. ಸಾಲ ಕೊಟ್ಟೋರ ಹೆಸರು ಅದರಲ್ಲಿ ಬರೋ ಸಾಧ್ಯತೆ ಉಂಟು, ಸಣ್ಣ ಸಪ್ಲೈಯರ್ ಹೆಸರು ಬಿಡಿಬಿಡಿಯಾಗಿ ಬರೋದು ಅಪರೂಪ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲಲ್ಲಿ ಸಣ್ಣ ಫೀಸು ಕಟ್ಟಿದ್ರೆ ಕಂಪನಿ ಫೈಲ್ ಮಾಡಿರೋ ಬ್ಯಾಲೆನ್ಸ್ ಶೀಟ್ ನೋಡಕ್ಕೆ ಸಿಗತ್ತೆ.

ತಕರಾರು ಇದ್ರೆ ಮುಚ್ಚಿಡ್ಬೇಡಿ

ಫಾರಂ ಬಿಯಲ್ಲಿ ಕೇಸು, ಆರ್ಬಿಟ್ರೇಶನ್, ತಕರಾರು ಏನಾದ್ರೂ ಇದ್ಯಾ ಅಂತ ಒಂದು ಕಾಲಂ ಇದೆ. ಅಲ್ಲಿ "ಇಲ್ಲ" ಅಂತ ಬರ್ದು, ಆಮೇಲೆ ಕಂಪನಿ ಫೈಲಲ್ಲಿ ಕ್ವಾಲಿಟಿ ಸರಿ ಇಲ್ಲ ಅಂತ ಜಗಳದ ಈಮೇಲ್ ಸಿಕ್ಕಿದ್ರೆ ನಿಮ್ಮ ಮಾತಿಗೆ ಬೆಲೆ ಹೋಗತ್ತೆ. ಇರೋದನ್ನ ಬರ್ದು, ಅದಕ್ಕೆ ನೀವು ಕೊಟ್ಟ ಉತ್ತರಾನೂ ಜೊತೆಗೆ ಹಾಕಿ. ಹಾಗೇ ಪರಸ್ಪರ ಲೆಕ್ಕ, ಅಂದ್ರೆ ಅವ್ರಿಗೆ ನೀವೂ ಏನಾದ್ರೂ ಕೊಡೋದಿದ್ರೆ ಅದನ್ನೂ ತಿಳಿಸ್ಬೇಕು. ಅವ್ರ ಅಡ್ವಾನ್ಸು ನನ್ನ ಹತ್ರ ಇದೆ, ವಜಾ ಮಾಡ್ಕೊಂಡ್ಬಿಡ್ತೀನಿ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಭಾರ್ತಿ ಏರ್‌ಟೆಲ್ ಕೇಸಲ್ಲಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಿಐಆರ್‌ಪಿ ನಡೀವಾಗ ಹೀಗೆ ವಜಾ ಮಾಡ್ಕೊಳ್ಳೋಕೆ ಸಾಮಾನ್ಯವಾಗಿ ಬರಲ್ಲ, ಪ್ರಕ್ರಿಯೆ ಶುರುವಾಗೋ ಮುಂಚೆನೇ ಕಾಂಟ್ರ್ಯಾಕ್ಟ್ ಪ್ರಕಾರ ಆಗಿರೋ ವಜಾ, ಒಂದೇ ವ್ಯವಹಾರಕ್ಕೆ ಅಂಟ್ಕೊಂಡಿರೋ ವಜಾ ಇಂಥ ಕೆಲವಕ್ಕೆ ಮಾತ್ರ ಅವಕಾಶ ಅಂತ ಹೇಳಿದೆ. ಲೆಕ್ಕ ಪೂರ್ತಿ ಮುಂದಿಟ್ಟು ಆರ್‌ಪಿಗೆ ಬಿಡಿ.

ಫ್ಲ್ಯಾಟಿಗೆ ದುಡ್ಡು ಕಟ್ಟಿದೋರು

2018ರ ಜೂನ್‌ನಿಂದ ಮನೆ ಬುಕ್ ಮಾಡಿದೋರು ಫೈನಾನ್ಶಿಯಲ್ ಕ್ರೆಡಿಟರ್‌ಗಳು, ಬ್ಯಾಂಕುಗಳು ನಿಲ್ಲೋ ಸಾಲಿನಲ್ಲೇ ನಿಲ್ತಾರೆ. ಫಾರಂ ಸಿಎ ಜೊತೆ ಸೇಲ್ ಅಗ್ರಿಮೆಂಟು, ಅಲಾಟ್‌ಮೆಂಟ್ ಲೆಟರು, ಕಟ್ಟಿದ ದುಡ್ಡಿನ ರಸೀದಿ, ಇವು ಮುಖ್ಯ. ರಸೀದಿ ಕಳ್ಕೊಂಡಿರ್ತೀವಿ, ಅದು ಸಹಜ, ಆಗ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟು. ಹೋಂ ಲೋನ್ ಆಗಿದ್ರೆ ಲೋನ್ ಅಕೌಂಟ್ ಸ್ಟೇಟ್‌ಮೆಂಟು, ಅದರಲ್ಲಿ ಯಾವ ತಾರೀಖು ಬಿಲ್ಡರಿಗೆ ಎಷ್ಟು ಬಿಡುಗಡೆ ಆಯ್ತು ಅಂತ ಇರತ್ತೆ. ಬಿಲ್ಡರ್ ಕಳ್ಸಿದ ಡಿಮ್ಯಾಂಡ್ ಲೆಟರ್‌ಗಳು, ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ಆದೇಶ ಇದ್ರೆ ಅದೂ. ರೇರಾ ಆದೇಶ ತಗೊಂಡೋರು ಬೇರೆ ಜಾತಿ, ಅವ್ರು ಮನೆ ಖರೀದಿದಾರ್ರೇ ಅಲ್ಲ ಅಂತ ಒಂದು ವಾದ ಇತ್ತು, 2023ರ ಅಕ್ಟೋಬರಲ್ಲಿ ವಿಶಾಲ್ ಚೆಲಾನಿ ಕೇಸಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪಲಿಲ್ಲ.

ನಗದಾಗಿ ಕೊಟ್ಟಿದ್ದು, ರಸೀದಿ ಇಲ್ಲ ಅಂದ್ರೆ ಅದು ಬರತ್ತೆ ಅನ್ನೋ ಆಸೆ ಇಟ್ಕೋಬೇಡಿ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚು ಬಿಲ್ಡರ್ ಕೈಗೆ ಹೋದ ದುಡ್ಡಲ್ಲ, ತೋರಿಸೋದಿದ್ರೆ ಬೇರೆ ಸಾಲಲ್ಲಿ ತೋರ್ಸಿ. ಕ್ರೆಡಿಟರ್ ಕಮಿಟೀಲಿ ನಿಮ್ಮ ವೋಟಿನ ಪಾಲು ಲೆಕ್ಕ ಹಾಕೋವಾಗ ಬೇರೆ ದರ ಒಪ್ಪಂದ ಆಗಿಲ್ದಿದ್ರೆ ವರ್ಷಕ್ಕೆ ಶೇ. 8 ಬಡ್ಡಿ ಸೇರಿಸ್ತಾರೆ, ಹಾಗಾಗಿ ಒಂದೊಂದು ಕಂತಿನ ತಾರೀಖೂ ಬೇಕು, ಬರೀ ಒಟ್ಟು ಮೊತ್ತ ಸಾಲದು. ಗಂಡ ಹೆಂಡ್ತಿ ಇಬ್ರ ಹೆಸರಲ್ಲಿದ್ರೆ ಇಬ್ರೂ ಸೇರಿ ಒಂದೇ ಕ್ಲೇಮು ಕೊಡಿ, ಒಂದೇ ಫ್ಲ್ಯಾಟಿಗೆ ಎರಡು ಬಂದ್ರೆ ಬಿಡಿಸೋಕೆ ವಾರ ಹಿಡಿಯತ್ತೆ. ಪ್ರಕಟಣೇಲಿ ಮೂರು ಹೆಸರು ಕೊಟ್ಟಿರ್ತಾರೆ, ನಿಮ್ಮ ಗುಂಪಿನ ಅಧಿಕೃತ ಪ್ರತಿನಿಧಿ ಯಾರಾಗ್ಬೇಕು ಅಂತ, ಫಾರಂಲ್ಲೇ ಅದನ್ನ ಆರಿಸ್ಬೇಕು, ಖಾಲಿ ಬಿಡ್ಬೇಡಿ.

ಸಂಬಳ ಬಾಕಿ ಇರೋರು

ಅಪಾಯಿಂಟ್‌ಮೆಂಟ್ ಲೆಟರ್, ಪೇಸ್ಲಿಪ್, ಸಂಬಳ ಬೀಳ್ತಿದ್ದ ಬ್ಯಾಂಕ್ ಖಾತೆ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಫಾರಂ 16. ಪೇಸ್ಲಿಪ್ ಕಂಪನಿ ಪೋರ್ಟಲಲ್ಲೇ ಇತ್ತು, ಈಗ ಪೋರ್ಟಲ್ಲೇ ಬಂದ್ ಆಗಿದೆ ಅನ್ನೋ ಗೋಳು ಪ್ರತಿ ಕೇಸಲ್ಲೂ ಇರತ್ತೆ. ಆಗ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಷ್ಟು ಹೇಳತ್ತೆ: ಇಪ್ಪತ್ತು ತಿಂಗಳು ತಿಂಗಳಿಗೊಂದ್ಸಲ ಬರ್ತಿದ್ದ ಮೊತ್ತ ಇಂಥ ತಿಂಗಳಿಂದ ನಿಂತಿದೆ. ಪಿಎಫ್ ಪಾಸ್‌ಬುಕ್ಕಲ್ಲಿ ಖಾಲಿ ಬಿದ್ದ ತಿಂಗಳುಗಳು ಕಂಪನಿ ನಿಮ್ಮಿಂದ ಹಿಡಿದು ಕಟ್ಟದೇ ಇರೋದನ್ನ ತೋರಿಸ್ತವೆ. ಬಾಕಿ ಕೊಡಿ ಅಂತ ಎಚ್‌ಆರ್‌ಗೆ ಬರೆದ ಈಮೇಲ್ ಹಾಕಿ, ರೆಗ್ಯುಲೇಶನ್ 9ರಲ್ಲೇ ಹೀಗೆ ಕೇಳಿದ್ದಕ್ಕೆ ಪುರಾವೆ ಬೇಕು ಅಂತ ಇದೆ.

ಮೊತ್ತವನ್ನ ಬಿಡಿಸಿ ಬರೀರಿ, ಸಂಬಳ ಇಷ್ಟು, ರಜೆ ದುಡ್ಡು ಇಷ್ಟು, ಗ್ರಾಚ್ಯುಟಿ ಇಷ್ಟು. ಗ್ರಾಚ್ಯುಟಿ ಲೆಕ್ಕ ತಲೆ ಕೆಡಿಸ್ಕೊಳ್ಳೋ ಅಂಥದ್ದಲ್ಲ, ಕೊನೇ ಬೇಸಿಕ್ಕು ಡಿಎ ಸೇರಿ 26,000, ಎಂಟು ವರ್ಷ ಸರ್ವೀಸು ಅಂದ್ರೆ 26,000ನ 26ರಿಂದ ಭಾಗಿಸಿ 15ರಿಂದ ಗುಣಿಸಿ ಎಂಟರಿಂದ ಗುಣಿಸಿ, 1,20,000 ಬರತ್ತೆ. ನೀವು ಕಾನೂನಿನ ಪ್ರಕಾರ ಕೆಲಸಗಾರರಾ ಅಥವಾ ಮ್ಯಾನೇಜರ್ ದರ್ಜೆ ಸಿಬ್ಬಂದಿನಾ ಅನ್ನೋದೂ ಲೆಕ್ಕಕ್ಕೆ ಬರತ್ತೆ, ಯಾಕಂದ್ರೆ ಕಂಪನಿ ಮುಚ್ಚಿ ದುಡ್ಡು ಹಂಚೋವಾಗ ಯಾರಿಗೆ ಮೊದಲು ಅನ್ನೋ ಸೆಕ್ಷನ್ 53ರ ಸರದೀಲಿ ಕೆಲಸಗಾರರ 24 ತಿಂಗಳ ಬಾಕಿ ಅಡಮಾನ ಇರೋ ಬ್ಯಾಂಕುಗಳ ಸಮಕ್ಕೆ ನಿಲ್ಲತ್ತೆ, ಉಳಿದ ಸಿಬ್ಬಂದಿಯ 12 ತಿಂಗಳ ಬಾಕಿ ಅದರ ಕೆಳಗಿನ ಮೆಟ್ಟಿಲು. ಹುದ್ದೆ ಹೆಸರು ಮಾತ್ರ ಬರೀಬೇಡಿ, ನಿಜವಾಗ್ಲೂ ಏನು ಕೆಲಸ ಮಾಡ್ತಿದ್ರಿ ಅಂತ ಒಂದು ಸಾಲು ಬರೀರಿ.

ಕಂಪನಿಗೆ ಸಾಲ ಕೊಟ್ಟೋರು

ಬ್ಯಾಂಕಿನವ್ರಿಗೆ ನಾನು ಹೇಳೋದೇನಿಲ್ಲ, ಅವ್ರಿಗೆ ವಕೀಲರ ದಂಡೇ ಇದೆ. ಕೈಸಾಲ ಕೊಟ್ಟ ವ್ಯಕ್ತಿಗಳು ಮಾತ್ರ ಗಮನಿಸಿ: ಸಾಲದ ಪತ್ರ ಒಂದೇ ಅಲ್ಲ, ದುಡ್ಡು ಕಂಪನಿ ಖಾತೆಗೆ ಹೋಗಿದ್ದಕ್ಕೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ತೀರಿಲ್ಲ ಅನ್ನೋದಕ್ಕೆ ಲೆಕ್ಕ, ಮೂರೂ ಬೇಕು. ಡೈರೆಕ್ಟರ್ ಸ್ವಂತ ಖಾತೆಗೆ ಕಳ್ಸಿದ್ರೆ ಅದು ಕಂಪನಿ ಸಾಲ ಅಂತ ಸಾಬೀತು ಮಾಡೋದು ಬಹಳ ಕಷ್ಟ. ನೀವು ಡೈರೆಕ್ಟರ್ ಸಂಬಂಧಿ ಆಗಿದ್ರೆ ಅದನ್ನ ಫಾರಂಲ್ಲಿ ಹೇಳಲೇಬೇಕು. ವಿದೇಶಿ ಕರೆನ್ಸಿಯಲ್ಲಿದ್ರೆ ಪ್ರಕ್ರಿಯೆ ಶುರುವಾದ ದಿನದ ಆರ್‌ಬಿಐ ರೆಫರೆನ್ಸ್ ದರದಲ್ಲಿ ರೂಪಾಯಿಗೆ ಬದಲಾಯಿಸಿ.

ಕಳಿಸೋವಾಗ

ಫಾರಂನ ಕೊನೇಲಿ ಡಿಕ್ಲರೇಶನ್, ವೆರಿಫಿಕೇಶನ್ ಎರಡೂ ಇರತ್ತೆ, ಸಹಿ ಎರಡು ಕಡೆ, ಅರ್ಧ ಜನ ಎರಡನೇದು ಮರೀತಾರೆ. ಕಂಪನಿ ಪರವಾಗಿ ಸಹಿ ಹಾಕೋರು ಬೋರ್ಡ್ ರೆಸಲ್ಯೂಶನ್ ಅಥವಾ ಅಧಿಕಾರ ಪತ್ರ ಇಡಿ. ಗುರುತಿನ ದಾಖಲೆ, ಕ್ಯಾನ್ಸಲ್ ಮಾಡಿದ ಚೆಕ್ಕು ಹಾಕಿ. ಎಲ್ಲಾ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್, ಪುಟಕ್ಕೆ ನಂಬರು, ಮೊದಲ ಪುಟ ಇಂಡೆಕ್ಸು, ಎರಡನೇದು ಆ ಲೆಕ್ಕದ ಹಾಳೆ. ಮೊಬೈಲಲ್ಲಿ ಓರೆಯಾಗಿ ಹೊಡೆದ ನಲವತ್ತು ಫೋಟೋಗಳನ್ನ ನಲವತ್ತು ಈಮೇಲಲ್ಲಿ ಕಳಿಸಿದ ಮಹನೀಯರೊಬ್ರು ನನಗಿನ್ನೂ ನೆನಪಿದಾರೆ. ಪ್ರಕಟಣೇಲಿ ಕೊಟ್ಟಿರೋ ಈಮೇಲ್‌ಗೇ ಕಳಿಸಿ, ಸ್ವೀಕೃತಿ ಕೇಳಿ ಇಟ್ಕೊಳ್ಳಿ. ಮೂಲ ಕಾಗದ ಕೊಡ್ಬೇಡಿ, ನಿಮ್ಮ ಹತ್ರಾನೇ ಇರ್ಲಿ. ಕ್ಲೇಮು ಸಾಬೀತು ಮಾಡೋ ಖರ್ಚು ನಿಮ್ಮದೇ, ರೆಗ್ಯುಲೇಶನ್ 11 ಹಾಗಂತ ಹೇಳತ್ತೆ.

ಕಳ್ಸಿದ ಮೇಲೆ

ಕೊನೇ ದಿನ ಆದ ಏಳು ದಿನದೊಳಗೆ ಪರಿಶೀಲನೆ ಮುಗಿಸ್ಬೇಕು ಅಂತ ನಿಯಮ. ಮಧ್ಯೆ ಇನ್ನೂ ದಾಖಲೆ ಕೊಡಿ ಅಂತ ಈಮೇಲ್ ಬರತ್ತೆ, ಸ್ಪ್ಯಾಮಲ್ಲೂ ನೋಡಿ, ಅವ್ರು ಕೊಟ್ಟ ಗಡುವಲ್ಲಿ ಉತ್ತರ ಹೋಗ್ಲಿ. ಸಾಲಗಾರರ ಪಟ್ಟಿ ಅಂತ ನಾವು ತಪ್ಪಾಗಿ ಕರೆಯೋ ಆ ಕ್ರೆಡಿಟರ್ ಪಟ್ಟೀಲಿ ಕೇಳಿದ ಮೊತ್ತ, ಒಪ್ಪಿದ ಮೊತ್ತ ಎರಡೂ ಇರತ್ತೆ, ನಿಮ್ಮ ಹೆಸರು ಹುಡುಕಿ ನೋಡಿ. ಕಮ್ಮಿ ಒಪ್ಪಿದ್ರೆ ಕಾರಣ ಬರವಣಿಗೇಲಿ ಕೇಳಿ, ಸಿಕ್ಕಿದ ಕಾರಣಕ್ಕೆ ಸರಿಯಾದ ಕಾಗದ ಹಾಕಿ ಮತ್ತೆ ಬರೀರಿ, ಹೊಸ ಮಾಹಿತಿ ಸಿಕ್ಕಿದ್ರೆ ಒಪ್ಪಿದ ಮೊತ್ತ ತಿದ್ದೋ ಅವಕಾಶ ಆರ್‌ಪಿಗೆ ಇದೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಸೆಕ್ಷನ್ 60(5) ಅಡಿ ಎನ್‌ಸಿಎಲ್‌ಟಿಗೆ ಅರ್ಜಿ, ಬೇಗ.

ಯಾಕೆ ಬೇಗ ಅಂದ್ರೆ, ಘನಶ್ಯಾಮ್ ಮಿಶ್ರಾ ಕೇಸಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರೆಸಲ್ಯೂಶನ್ ಪ್ಲಾನ್ (ಕಂಪನಿ ಉಳಿಸಿ ಬಾಕಿ ತೀರಿಸೋ ಯೋಜನೆ) ಒಪ್ಪಿಗೆ ಆದ್ಮೇಲೆ ಅದರಲ್ಲಿ ಇಲ್ಲದ ಬಾಕಿ ಎಲ್ಲಾ ಅಳಿಸಿಹೋಗತ್ತೆ, ಸರ್ಕಾರದ್ದಾದ್ರೂ ಸರಿ ಅಂತ ಹೇಳಿದೆ. ತಡವಾದೋರಿಗೆ ಸ್ವಲ್ಪ ದಾರಿ ಇದೆ, 2023ರ ಸೆಪ್ಟೆಂಬರ್ ತಿದ್ದುಪಡಿ ಪ್ರಕಾರ ಪ್ರಕ್ರಿಯೆ ಶುರುವಾಗಿ 90 ದಿನ ಅಥವಾ ರೆಸಲ್ಯೂಶನ್ ಪ್ಲಾನ್ ಕರೆಯೋ ದಿನ, ಯಾವ್ದು ಆಮೇಲೆ ಬರತ್ತೋ ಅಲ್ಲಿವರೆಗೆ ಕೊಡಬಹುದು, 90 ದಿನ ದಾಟಿದ್ರೆ ತಡಕ್ಕೆ ಕಾರಣ ಬರೀಬೇಕು. ಅದಾದ್ಮೇಲೂ, ಪ್ಲಾನ್ ಮೇಲೆ ವೋಟ್ ಹಾಕೋ ಮೀಟಿಂಗಿಗೆ ಏಳು ದಿನ ಮುಂಚಿನವರೆಗೆ ಬಂದಿದ್ದನ್ನ ಆರ್‌ಪಿ ಪರಿಶೀಲಿಸಿ, ಒಪ್ಪೋ ಥರದ್ದಾದ್ರೆ ಕ್ರೆಡಿಟರ್ ಕಮಿಟಿ ಮುಂದಿಟ್ಟು, ತಡ ಮನ್ನಾ ಮಾಡಿ ಅಂತ ಎನ್‌ಸಿಎಲ್‌ಟಿಗೆ ಕಳಿಸ್ತಾರೆ. ಅಲ್ಲಿ ಏನಾಗತ್ತೆ ಅನ್ನೋದು ನಿಮ್ಮ ಕೈಲಿರಲ್ಲ.

ಕ್ಲೇಮು ಒಪ್ಪಿಗೆ ಆದ್ಮೇಲೂ ಒಂದು ಕೆಲಸ ಉಳಿದಿರತ್ತೆ. ಗ್ಯಾರಂಟಿ ಹಾಕಿದ ಡೈರೆಕ್ಟರ್ ಕಡೆಯಿಂದಲೋ ಇನ್ಶೂರೆನ್ಸ್ ಕಡೆಯಿಂದಲೋ ಮಧ್ಯದಲ್ಲಿ ಸ್ವಲ್ಪ ದುಡ್ಡು ಬಂದ್ರೆ ಆರ್‌ಪಿಗೆ ಬರ್ದು ಕ್ಲೇಮನ್ನ ಅಷ್ಟಕ್ಕೆ ಇಳಿಸ್ಬೇಕು, ರೆಗ್ಯುಲೇಶನ್ 12ಎ. ನಿಮ್ಮ ವಿಳಾಸ, ಈಮೇಲ್, ಬ್ಯಾಂಕ್ ಖಾತೆ ಬದಲಾದ್ರೂ ತಿಳಿಸಿ. 330 ದಿನದೊಳಗೆ ಮುಗಿಯಬೇಕಾದ ಪ್ರಕ್ರಿಯೆ ಎಷ್ಟೋ ಕೇಸಲ್ಲಿ ಅದನ್ನ ದಾಟಿ ಎಳೀತಾ ಹೋಗತ್ತೆ, ಕೊನೆಗೂ ಹಂಚೋ ದಿನ ಬಂದಾಗ ಖಾತೆನೇ ಕ್ಲೋಸ್ ಆಗಿ ದುಡ್ಡು ವಾಪಸ್ ಹೋಗಿದ್ದನ್ನೂ ನೋಡಿದೀನಿ.